ಕಲ್ಕತ್ತೆಗೆ ಹೋದ ಕಾಲುಗಳು

ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಮುಂಬಯಿಯಲ್ಲಿ ಶುರುವಾದದ್ದು 1891ರಲ್ಲಿ. ಅಲ್ಲಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಬ್ರಿಟಿಷ್ ಪಲ್ಟನ್ನುಗಳ ಸ್ವಂತ ಆಸ್ತಿಯಂತೆಯೇ ಇತ್ತು. ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ಕ್ಲಬ್ಬು ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ, ಬೆಂಗಳೂರಿನದು. 1937ರ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0 ಗೋಲಿನಿಂದ ಸೋಲಿಸಿತು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. ಆ ಸಲ ಸೋತವರು ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಲ್ಟನ್ನಿನವರು.

1940ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ಫೈನಲ್ ತಲುಪಿತು, ಒಂದು ಗೋಲಿನಿಂದ ಸೋತಿತು. ಗೆದ್ದದ್ದು ಕಲ್ಕತ್ತೆಯ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. ಅಷ್ಟರಲ್ಲಾಗಲೇ ಬೆಂಗಳೂರಿನ ಆಟಗಾರರನ್ನು ಕರೆಸಿಕೊಂಡು ತಂಡ ಕಟ್ಟುವುದನ್ನು ರೂಢಿ ಮಾಡಿಕೊಂಡಿದ್ದ ಕ್ಲಬ್ಬು ಅದು. ಬೆಂಗಳೂರು ಫುಟ್‌ಬಾಲಿನ ಮುಂದಿನ ಅರವತ್ತು ವರ್ಷಗಳ ಹಣೆಬರಹ ಆ ಒಂದು ಗೋಲಿನಲ್ಲೇ ಕಾಣುತ್ತದೆ. ಇಲ್ಲಿ ಹುಟ್ಟಿ, ಇಲ್ಲಿಯ ಕೆಮ್ಮಣ್ಣಿನಲ್ಲಿ ಆಟ ಕಲಿತ ಹುಡುಗರು ರೈಲು ಹತ್ತಿ ಹೋಗುವುದು, ಹೋದಲ್ಲಿ ಹೆಸರು ಮಾಡುವುದು, ಅವರು ಬಿಟ್ಟುಹೋದ ತಂಡಗಳು ಸೊರಗುವುದು.

ಆ ಕಾಲದ ಬೆಂಗಳೂರು ಒಂದು ಊರಾಗಿರಲಿಲ್ಲ, ಎರಡಾಗಿತ್ತು. ಕೋಟೆ, ಹಳೆಯ ಪೇಟೆ, 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಅಳತೆ ಹಾಕಿ ಕಟ್ಟಿದ ಚಾಮರಾಜಪೇಟೆ, 1898ರ ಪ್ಲೇಗು ಬಂದಾಗ ಜನ ಗಾಳಿ ಬೆಳಕು ಹುಡುಕಿಕೊಂಡು ಹೋಗಿ ನೆಲೆಸಿದ ಬಸವನಗುಡಿ, ಮಲ್ಲೇಶ್ವರ ಇವೆಲ್ಲ ಮೈಸೂರು ಮಹಾರಾಜರ ಸೀಮೆ. ಕಬ್ಬನ್ ಪಾರ್ಕು ದಾಟಿದರೆ ದಂಡು, ಅಲ್ಲಿ ಬ್ರಿಟಿಷರದೇ ಆಡಳಿತ. ಅದು ಮೈಸೂರಿನ ಕೈಗೆ ಮರಳಿದ್ದು 1947ರ ಜುಲೈ 26ರಂದು, ಎರಡೂ ಕಡೆಯ ಪುರಸಭೆಗಳು ಒಂದಾದದ್ದು 1949ರಲ್ಲಿ. ಫುಟ್‌ಬಾಲು ಬೇರು ಬಿಟ್ಟದ್ದು ಆ ದಂಡಿನಲ್ಲಿ. ಪರೇಡ್ ಮೈದಾನಗಳ ಅಂಚಿನಲ್ಲಿ ನಿಂತು ಗೋರಾ ಸಿಪಾಯಿಗಳ ಆಟ ನೋಡುತ್ತ, ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರದ ಹುಡುಗರು ಬರಿಗಾಲಿನಲ್ಲೇ ಆಟ ಕಲಿತರು. ಚಾಮರಾಜಪೇಟೆ, ಬಸವನಗುಡಿಗಳ ಶಾಲಾ ಕಾಲೇಜುಗಳ ಮೈದಾನಗಳಲ್ಲಿ ಬೆಳೆದದ್ದು ಹೆಚ್ಚಾಗಿ ಕ್ರಿಕೆಟ್ಟು. ಈ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು. ಹೋದವರನ್ನು ಊರು ಯಾಕೆ ಅಷ್ಟು ಬೇಗ ಮರೆಯಿತು ಎನ್ನುವುದಕ್ಕೆ ಒಂದು ಕಾರಣ ಇಲ್ಲಿದೆ.

ಹೊರಗೆ ಹೋಗುವ ದಾರಿ ತೆರೆದದ್ದು 1930ರ ದಶಕದಲ್ಲಿ. ಮೊಹಮ್ಮಡನ್ ಸ್ಪೋರ್ಟಿಂಗ್ 1934ರಲ್ಲಿ ಕಲ್ಕತ್ತೆಯ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ಬಾಯಿತು. 1938ರವರೆಗೆ ಸತತ ಐದು ವರ್ಷ ಆ ಪಟ್ಟವನ್ನು ಬಿಟ್ಟುಕೊಡಲಿಲ್ಲ. ಅದರ ಕಾರ್ಯದರ್ಶಿ ಅಜೀಜ್ ಎರಡು ಕೆಲಸ ಮಾಡಿದರು. ಮಳೆಗಾಲದ ಕೆಸರಿನಲ್ಲಿ ಬರಿಗಾಲು ನಡೆಯುವುದಿಲ್ಲ ಎಂದು ತಮ್ಮವರಿಗೆ ಬೂಟು ಹಾಕಿಸಿದರು. ಬಂಗಾಳದ ಹೊರಗೆ, ಮುಖ್ಯವಾಗಿ ಬೆಂಗಳೂರಿನಲ್ಲಿ, ಆಟಗಾರರನ್ನು ಹುಡುಕಿದರು. ಪೈಪೋಟಿಗೆ ಬಿದ್ದ ಈಸ್ಟ್ ಬೆಂಗಾಲ್ ಕೂಡ ಅದೇ ದಶಕದಲ್ಲಿ ಬೆಂಗಳೂರಿನಿಂದ ಲಕ್ಷ್ಮೀನಾರಾಯಣ್ ಮತ್ತು ಮುರುಗೇಶ್ ಅವರನ್ನು ಕರೆಸಿಕೊಂಡಿತು. ಬೆಂಗಳೂರಿನಿಂದ ಮದರಾಸು, ಅಲ್ಲಿ ಗಾಡಿ ಬದಲಿಸಿ ಹೌರಾ. ಭಾಷೆ ಬರದ ಊರು, ಮೀನಿನ ಊಟ, ಕ್ಲಬ್ಬಿನ ಮೆಸ್ಸು. ಆದರೂ ಹೋದರು.

ಯಾಕೆ ಹೋದರು ಎಂದರೆ ಬರೀ ಹಣಕ್ಕಾಗಿ ಎಂದುಬಿಡುವುದು ಸುಲಭ. ಕಾಗದದ ಮೇಲೆ ಆಗಿನ ಆಟಗಾರರೆಲ್ಲ ಹವ್ಯಾಸಿಗಳೇ. ಸಂಬಳವಿಲ್ಲ, ಕರಾರಿಲ್ಲ; ಕೈಗೆ ಸಿಗುತ್ತಿದ್ದುದು ಖರ್ಚಿನ ಹಣ ಅಥವಾ ಯಾವುದಾದರೂ ಕಂಪನಿಯಲ್ಲಿ ಒಂದು ಕೆಲಸ. ಆದರೆ ಕಲ್ಕತ್ತೆಯ ಮೈದಾನದಲ್ಲಿ ಮಳೆಗಾಲದುದ್ದಕ್ಕೂ ಲೀಗ್ ನಡೆಯುತ್ತಿತ್ತು, ಅದರ ಬೆನ್ನಿಗೇ ಬಂಗಾಳದ ಫುಟ್‌ಬಾಲ್ ಸಂಸ್ಥೆಯಾದ ಐಎಫ್‌ಎಯ ಶೀಲ್ಡ್ ಟೂರ್ನಿ. ಟಿಕೆಟ್ ಕೊಂಡು ನೋಡುವ ಸಾವಿರಾರು ಜನರಿದ್ದರು, ಮರುದಿನ ಪತ್ರಿಕೆಯಲ್ಲಿ ಹೆಸರು ಬರುತ್ತಿತ್ತು, ಭಾರತ ತಂಡವನ್ನು ಆರಿಸುವವರ ಕಣ್ಣು ಅಲ್ಲೇ ಇತ್ತು. ಬೆಂಗಳೂರಿನಲ್ಲಿ ಆಟವಿತ್ತು, ಆಟಗಾರರಿದ್ದರು. ಆಟಗಾರ ಇಲ್ಲೇ ಉಳಿಯಲು ಬೇಕಾದ ಕಾರಣ ಮಾತ್ರ ಇರಲಿಲ್ಲ. ಈ ಕೊರತೆಯನ್ನು ತುಂಬುವ ಹೊಣೆ ಆಡುವ ಹುಡುಗನದಲ್ಲ, ಆಡಿಸುವವರದು.

ಉಳಿದವರು ಏನು ಮಾಡಬಲ್ಲರು ಎಂಬುದು 1946-47ರಲ್ಲಿ ಗೊತ್ತಾಯಿತು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಟೂರ್ನಿ ಬೆಂಗಳೂರಿನಲ್ಲಿ ನಡೆಯಿತು. ಮೈಸೂರು ಮತ್ತು ಬಂಗಾಳದ ಫೈನಲ್ ಮೊದಲ ಸಲ ಗೋಲಿಲ್ಲದೆ ಮುಗಿಯಿತು. ಮತ್ತೆ ಆಡಿಸಿದಾಗ ಮೈಸೂರು 2-1ರಿಂದ ಗೆದ್ದಿತು. ಅದರ ಮರುವರ್ಷ, 1948ರಲ್ಲಿ, ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡ ಹೊರಟಾಗ ಅದರಲ್ಲಿ ಬೆಂಗಳೂರಿನವರೇ ಒಂದು ಗುಂಪಿದ್ದರು. ಗೋಲ್‌ಕೀಪರ್ ವರದರಾಜ್, ಬಷೀರ್, ವಜ್ರವೇಲು, ಧನರಾಜ್, ಅಹಮದ್ ಖಾನ್, ಸಾರಂಗಪಾಣಿ ರಾಮನ್.

ಜುಲೈ 31, ಇಲ್ಫರ್ಡ್ ಎಂಬಲ್ಲಿಯ ಕ್ರಿಕಲ್‌ಫೀಲ್ಡ್ ಮೈದಾನ. ಎದುರಾಳಿ ಫ್ರಾನ್ಸ್. ಭಾರತದ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ, ಕೆಲವರು ಪಟ್ಟಿ ಸುತ್ತಿಕೊಂಡಿದ್ದಾರೆ. ಅರ್ಧ ಗಂಟೆಯ ಹೊತ್ತಿಗೆ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಒಂದನ್ನು ಸೈಲೆನ್ ಮನ್ನಾ, ಇನ್ನೊಂದನ್ನು ಮಹಾವೀರ್ ಪ್ರಸಾದ್ ಕಳೆದುಕೊಂಡರು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಆಟ ಮುಗಿಯಲು ಒಂದೇ ನಿಮಿಷ ಇರುವಾಗ ಫ್ರಾನ್ಸ್ ಮತ್ತೆ ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ಭಾರತದವರು ಚಪ್ಪಾಳೆ ಗಿಟ್ಟಿಸಿಕೊಂಡೇ ಮೈದಾನದಿಂದ ಹೊರಬಂದರು.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಸಲ ರೋವರ್ಸ್ ಕಪ್ ಗೆದ್ದಿತು, ಅದೂ ಕಲ್ಕತ್ತೆಯ ಮೋಹನ್ ಬಗಾನ್ ತಂಡವನ್ನೇ ಸೋಲಿಸಿ. ಬೆಂಗಳೂರಿನ ಫುಟ್‌ಬಾಲು ರೋವರ್ಸ್ ಕಪ್ಪಿನಲ್ಲಿ ಅಷ್ಟು ಎತ್ತರಕ್ಕೆ ಏರಿದ್ದು ಅದೇ ಕೊನೆ ಎಂದು ಆಗ ಯಾರಿಗೂ ಅನಿಸಿರಲಾರದು. ಮರುವರ್ಷ, 1949ರಲ್ಲಿ, ರೋವರ್ಸ್ ಕಪ್ ಈಸ್ಟ್ ಬೆಂಗಾಲ್ ಪಾಲಾಯಿತು. ಆ ವರ್ಷ ಕಲ್ಕತ್ತೆಯ ಲೀಗು, ಶೀಲ್ಡು ಎರಡೂ ಅದರದ್ದೇ. ಅದರ ಮುಂಚೂಣಿಯಲ್ಲಿ ಬೆಂಗಳೂರಿನ ಅಹಮದ್ ಖಾನ್, ಬೆಂಗಳೂರಿನ ಧನರಾಜ್. ಈಸ್ಟ್ ಬೆಂಗಾಲ್ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ದಕ್ಷಿಣವನ್ನೆಲ್ಲ ಜಾಲಾಡಿ ಕಟ್ಟಿದ ಐವರ ಸಾಲು ಅದು. ಇವರಿಬ್ಬರ ಜೊತೆ ವೆಂಕಟೇಶ್, ಕಾಕಿನಾಡದ ಅಪ್ಪಾರಾವ್, ಕೇರಳದ ಸಾಲೆ. ಕಲ್ಕತ್ತೆಯ ಜನ ಅವರಿಗೆ ಪಂಚಪಾಂಡವರೆಂದು ಹೆಸರಿಟ್ಟರು. 1949, 1950, 1951, ಮೂರು ವರ್ಷ ಸತತವಾಗಿ ಶೀಲ್ಡ್ ಗೆದ್ದರು. 1951, 1952ರಲ್ಲಿ ಡ್ಯುರಾಂಡ್ ಕಪ್. ಬೆಂಗಳೂರಿನ ಯಾವ ತಂಡವೂ ಮತ್ತೆಂದೂ ರೋವರ್ಸ್ ಕಪ್ ಗೆಲ್ಲಲಿಲ್ಲ.

ಅಹಮದ್ ಖಾನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಬರಿಗಾಲಿನಲ್ಲಿ ಚೆಂಡನ್ನು ಅಂಟಿಸಿಕೊಂಡವರಂತೆ ಆಡುತ್ತಿದ್ದ ಅವರನ್ನು ಹಾವಾಡಿಗ ಎಂದು ಕರೆಯುತ್ತಿದ್ದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಹೊಸಕಿಹಾಕಿದಾಗ ಆ ಒಂದು ಗೋಲು ಅವರದೇ. ಹತ್ತು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿದರು, ನಾಯಕರಾದರು. 2017ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ. ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್ ಅಭಿಮಾನಿಗೆ ಆ ಹೆಸರು ಮನೆಮಾತು. ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಗೊತ್ತು ಎಂದು ಕೇಳಿಕೊಂಡರೆ ನೋವಾಗುತ್ತದೆ.

ಹೈದರಾಬಾದಿನಲ್ಲಿ ಬೇರೆಯೇ ನಡೆಯುತ್ತಿತ್ತು. ಅಲ್ಲಿ ಸೈಯದ್ ಅಬ್ದುಲ್ ರಹೀಂ ಎಂಬ ಮೇಷ್ಟ್ರು ಸಿಟಿ ಪೊಲೀಸ್ ತಂಡದ ಕೋಚ್ ಆಗಿದ್ದರು. ಚೆನ್ನಾಗಿ ಆಡುವ ಹುಡುಗನಿಗೆ ಪೊಲೀಸ್ ಇಲಾಖೆಯಲ್ಲಿ ನೌಕರಿ, ಕೈಗೆ ತಿಂಗಳ ಸಂಬಳ, ದಿನವೂ ಅಭ್ಯಾಸ. 1950ರಿಂದ 1954ರವರೆಗೆ ಐದು ವರ್ಷವೂ ರೋವರ್ಸ್ ಕಪ್ ಹೈದರಾಬಾದ್ ಪೊಲೀಸರದು. ಅಲ್ಲಿಂದಲೂ ಬಲರಾಮ್‌ರಂಥವರು ಕಲ್ಕತ್ತೆಗೆ ಹೋದರು, ನಿಜ. ಆದರೆ ಮನೆಯಲ್ಲೇ ಉಳಿಯಬಹುದು ಎಂಬ ಆಯ್ಕೆಯೊಂದು ಹೈದರಾಬಾದಿನ ಹುಡುಗನ ಮುಂದಿತ್ತು. ಬೆಂಗಳೂರಿನ ಕ್ಲಬ್ಬುಗಳು ಹುಮ್ಮಸ್ಸಿನ ಮೇಲೆ, ಚಂದಾ ಹಣದ ಮೇಲೆ ನಡೆಯುವಂಥವು. ಅವುಗಳ ಹತ್ತಿರ ಕೊಡಲು ನೌಕರಿ ಇರಲಿಲ್ಲ.

ಆದರೂ ಈ ಮಣ್ಣು ಬರಡಾಗಲಿಲ್ಲ. 1952-53ರಲ್ಲಿ ಬೆಂಗಳೂರಿನಲ್ಲೇ ಮೈಸೂರು ಮತ್ತೆ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಒಬ್ಬ ಹೋದರೆ ಇನ್ನೊಬ್ಬ ತಯಾರಾಗುತ್ತಿದ್ದ, ಅವನೂ ಹೋಗುತ್ತಿದ್ದ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದ ಭಾರತ ತಂಡದ ಹಾಫ್‌ಬ್ಯಾಕ್ ಕೆಂಪಯ್ಯ ಬೆಂಗಳೂರಿನವರು. 1960ರಲ್ಲಿ ರೋಮ್‌ಗೂ ಹೋದರು. ಅವರು ಹೆಸರು ಮಾಡಿದ ಕ್ಲಬ್ಬು ಮೋಹನ್ ಬಗಾನ್. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಚಿನ್ನ ಗೆದ್ದ ತಂಡದಲ್ಲಿದ್ದ ವಿಂಗರ್ ಅರುಮೈನಾಯಗಂ ಕೂಡ ಬೆಂಗಳೂರಿನವರು. ಅವರ ಕ್ಲಬ್ಬೂ ಮೋಹನ್ ಬಗಾನ್.

ಈ ಹರಿವಿಗೆ ತಡೆ ಬಿದ್ದದ್ದು ಮೈದಾನದಿಂದಲ್ಲ, ಕಾರ್ಖಾನೆಗಳಿಂದ. ಎಚ್‌ಎಎಲ್ 1940ರಲ್ಲೇ ಬಂದಿತ್ತು. 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಶುರುವಾಯಿತು. ಅದರ ಹಿಂದೆಯೇ ಎಚ್‌ಎಂಟಿ, ಬಿಇಎಲ್, ಬಿಇಎಂಎಲ್. ಈ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕಾಯಂ ನೌಕರಿ ಕೊಟ್ಟವು. ಬೆಳಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ಟೂರ್ನಿ ಇದ್ದರೆ ರಜೆ, ವಯಸ್ಸಾದ ಮೇಲೆ ಪ್ರಾವಿಡೆಂಟ್ ಫಂಡು. ಮಂಡಿಯ ಗಾಯ ಒಂದೇ ದಿನದಲ್ಲಿ ಬದುಕು ಮುಗಿಸಬಲ್ಲ ಆಟದಲ್ಲಿ ಇದು ದೊಡ್ಡ ಮಾತು. ಕಲ್ಕತ್ತೆಯ ಕ್ಲಬ್ಬು ಒಂದು ವರ್ಷದ ಮಾತಾಡುತ್ತಿತ್ತು, ಕಾರ್ಖಾನೆ ನಿವೃತ್ತಿಯವರೆಗಿನ ಮಾತಾಡುತ್ತಿತ್ತು. ಜೊತೆಗೆ ಎಂಇಜಿ, ಎಎಸ್‌ಸಿಯಂಥ ಸೇನೆಯ ತಂಡಗಳೂ ಇದ್ದವು.

ಫಲ ಸಿಕ್ಕಿತು. 1967-68ರಲ್ಲಿ ಕಟಕ್‌ನಲ್ಲಿ, 1968-69ರಲ್ಲಿ ಬೆಂಗಳೂರಿನಲ್ಲಿ, ಎರಡು ವರ್ಷ ಸಾಲಾಗಿ ಮೈಸೂರಿಗೆ ಸಂತೋಷ್ ಟ್ರೋಫಿ. ಎರಡೂ ಸಲ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಅಲ್ಲಿಗೆ ಮೈಸೂರು ಗೆದ್ದ ನಾಲ್ಕು ಫೈನಲ್‌ಗಳಲ್ಲೂ ಎದುರಾಳಿ ಬಂಗಾಳವೇ ಎಂದಾಯಿತು. ತಮ್ಮ ಹುಡುಗರನ್ನು ಕರೆದುಕೊಂಡು ಹೋಗುತ್ತಿದ್ದ ರಾಜ್ಯವನ್ನೇ, ಉಳಿದ ಹುಡುಗರನ್ನು ಕಟ್ಟಿಕೊಂಡು ನಾಲ್ಕು ಸಲ ಸೋಲಿಸಿದ್ದು ಸಣ್ಣ ಸಾಧನೆಯಲ್ಲ.

ಕಾರ್ಖಾನೆ ತಂಡಗಳ ಶಿಖರ 1977. ದೇಶದ ಕ್ಲಬ್ಬುಗಳಿಗೆಂದು ಫೆಡರೇಷನ್ ಕಪ್ ಶುರುವಾದ ವರ್ಷ ಅದು. ಎರ್ನಾಕುಲಂನಲ್ಲಿ ನಡೆದ ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡದ ಎದುರು ನಿಂತದ್ದು ಬೆಂಗಳೂರಿನ ಐಟಿಐ. ಟೆಲಿಫೋನು ತಯಾರಿಸುವ ಕಾರ್ಖಾನೆಯ ನೌಕರರು ಒಂದು ಗೋಲಿನಿಂದ ಗೆದ್ದುಬಿಟ್ಟರು. ಫೆಡರೇಷನ್ ಕಪ್ಪಿನ ಇತಿಹಾಸದಲ್ಲಿ ಮೊದಲ ಹೆಸರು ಯಾರದೆಂದು ಕೇಳಿದರೆ ಉತ್ತರ ಐಟಿಐ.

ಆದರೆ ಕಲ್ಕತ್ತೆಯೂ ಸುಮ್ಮನಿರಲಿಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಅಲ್ಲಿಯ ವರ್ಗಾವಣೆ ಋತುವೇ ಒಂದು ಜಾತ್ರೆ. ಆಟಗಾರ ಪ್ರತಿವರ್ಷ ಐಎಫ್‌ಎ ಕಚೇರಿಗೆ ಹೋಗಿ ಯಾವ ಕ್ಲಬ್ಬಿಗೆ ಆಡುತ್ತೇನೆಂದು ಸಹಿ ಹಾಕಬೇಕು. ಸಹಿ ಬೀಳುವವರೆಗೆ ಎದುರಾಳಿಗಳ ಕೈಗೆ ಸಿಗದಂತೆ ಆಟಗಾರನನ್ನು ಬಚ್ಚಿಡುವುದು, ಕಾವಲು ಕಾಯುವುದು, ಮೆರವಣಿಗೆಯಲ್ಲಿ ಕಚೇರಿಗೆ ಕರೆತರುವುದು, ಇವೆಲ್ಲ ಕ್ಲಬ್ಬಿನ ಕಟ್ಟಾಳುಗಳ ಕೆಲಸ. ಬೆಂಗಳೂರಿನ ವಿಂಗರ್ ಉಲಗನಾಥನ್ ಆ ದಶಕದಲ್ಲಿ ಮೋಹನ್ ಬಗಾನ್ ಸೇರಿದರು. ಎಂಬತ್ತರ ದಶಕದಲ್ಲಿ ಬಾಬು ಮಣಿ ಹೋದರು.

ಬಾಬು ಮಣಿಯವರ ದಾಖಲೆಯನ್ನು ಸಾಲು ಸಾಲಾಗಿ ಓದಿದರೆ ಬೆಂಗಳೂರು ಏನು ಕಳೆದುಕೊಂಡಿತು ಎಂಬುದು ಸ್ಪಷ್ಟವಾಗುತ್ತದೆ. 1984ರಲ್ಲಿ ಕಲ್ಕತ್ತೆಯ ನೆಹರೂ ಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಭಾರತದ ಪರ ಮೊದಲ ಪಂದ್ಯ. ಅದೇ ವರ್ಷ ಏಷ್ಯನ್ ಕಪ್‌ಗೆ ಅರ್ಹತೆ ಪಡೆದ ತಂಡದಲ್ಲಿ ಜಾಗ. 1985, 1987ರ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಚಿನ್ನ. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೂರೂ ಕ್ಲಬ್ಬುಗಳ ಅಂಗಿ ತೊಟ್ಟರು. ಸಂತೋಷ್ ಟ್ರೋಫಿಯನ್ನೂ ಎರಡು ಸಲ ಗೆದ್ದರು, ಎರಡೂ ಸಲ ಬಂಗಾಳಕ್ಕಾಗಿ. ಆಟಗಾರ ಎಲ್ಲಿ ನೋಂದಣಿಯಾಗಿರುತ್ತಾನೋ ಆ ರಾಜ್ಯಕ್ಕೆ ಆಡುತ್ತಾನೆ, ಅದು ನಿಯಮ. ಅವರದೇನೂ ತಪ್ಪಿಲ್ಲ. ಆದರೆ ಅವರು ಬಂಗಾಳಕ್ಕೆ ಟ್ರೋಫಿ ಗೆಲ್ಲಿಸಿಕೊಡುತ್ತಿದ್ದ ಆ ವರ್ಷಗಳಲ್ಲಿ ಕರ್ನಾಟಕ ತನ್ನ ಕೊನೆಯ ಟ್ರೋಫಿಯನ್ನು ಕಂಡು ಎರಡು ದಶಕವಾಗುತ್ತ ಬಂದಿತ್ತು.

ಆಟಗಾರ ತಂಡ ಬಿಡುವುದು ಎಲ್ಲ ಕಡೆಯೂ ಇದೆ. ಯುರೋಪಿನಲ್ಲಿ 1995ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಬೋಸ್ಮನ್ ಎಂಬ ಆಟಗಾರ ನ್ಯಾಯಾಲಯದಲ್ಲಿ ಗೆದ್ದ ಮೇಲೆ, ಕರಾರು ಮುಗಿದವನನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಕ್ಲಬ್ಬುಗಳಿಗೆ ಉಳಿಯಲಿಲ್ಲ. ಅಮೆರಿಕದ ಕಾಲೇಜು ತಂಡಗಳಲ್ಲಿ 2018ರಿಂದ ಆಟಗಾರ ತನ್ನ ಹೆಸರನ್ನು ವರ್ಗಾವಣೆಯ ಪಟ್ಟಿಗೆ ಸೇರಿಸಿದರೆ ಸಾಕು, ಬೇರೆ ಕಾಲೇಜಿನವರು ಕರೆಯಬಹುದು. ಸೋಲುತ್ತಿರುವ ತಂಡಗಳು ಒಂದೇ ಋತುವಿನಲ್ಲಿ ಅರ್ಧಕ್ಕರ್ಧ ಖಾಲಿಯಾಗುವುದೂ ಉಂಟು. ಬೆಂಗಳೂರಿನ ಆಗಿನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಆಟಗಾರರೆಲ್ಲ ಹವ್ಯಾಸಿಗಳು ಎಂದ ಮೇಲೆ ಕ್ಲಬ್ಬಿಗೆ ವರ್ಗಾವಣೆ ಶುಲ್ಕದ ಮಾತೇ ಇಲ್ಲ. ಹತ್ತು ವರ್ಷ ಬೆಳೆಸಿದ ಗಲ್ಲಿಯ ಕ್ಲಬ್ಬಿಗೆ ಮುಂದಿನ ಹುಡುಗನಿಗೊಂದು ಚೆಂಡು ಕೊಳ್ಳುವಷ್ಟು ಪರಿಹಾರವೂ ಸಿಗುವಂತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಕಾರ್ಖಾನೆಗಳ ಆಸರೆಯೂ ಕುಸಿಯಿತು. ಆರ್ಥಿಕ ನೀತಿ ಬದಲಾಯಿತು, ದೂರವಾಣಿ ಉಪಕರಣಗಳ ಮಾರುಕಟ್ಟೆಗೆ ಖಾಸಗಿ ಕಂಪನಿಗಳು ಬಂದವು, ಐಟಿಐ ನಷ್ಟಕ್ಕೆ ಜಾರಿತು. ಕಾರ್ಮಿಕರನ್ನೇ ಕಡಿಮೆ ಮಾಡುತ್ತಿರುವ ಕಂಪನಿ ಫುಟ್‌ಬಾಲ್ ಆಡುವವನಿಗೆ ಕಾಯಂ ಹುದ್ದೆ ಎಲ್ಲಿಂದ ಕೊಟ್ಟೀತು? ಹಳಬರು ನಿವೃತ್ತರಾದರು, ಹೊಸಬರು ಬರಲಿಲ್ಲ. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದ ಮೇಲೆ ಐಟಿಐ, ಎಚ್‌ಎಎಲ್ ಎರಡೂ ಅದರಲ್ಲಿ ಆಡಿದವು, ಎರಡೂ ನೆಲೆ ಕಾಣಲಿಲ್ಲ. ರಾಷ್ಟ್ರೀಯ ಲೀಗ್‌ನ ಜಾಗಕ್ಕೆ ಬಂದ ಐ-ಲೀಗ್‌ಗೆ ಎಚ್‌ಎಎಲ್ ಮತ್ತೆ ಬಂದಾಗ, ಉಳಿದ ಕ್ಲಬ್ಬುಗಳು ಆಫ್ರಿಕಾ, ಬ್ರೆಜಿಲ್‌ಗಳಿಂದ ಸ್ಟ್ರೈಕರ್‌ಗಳನ್ನು ತರುತ್ತಿದ್ದ ಕಾಲದಲ್ಲೂ, ದೇಶದ ಹುಡುಗರನ್ನೇ ನೆಚ್ಚಿ ಆಡಿತು. 2011-12ರ ಋತು ಮುಗಿದಾಗ ಲೀಗ್‌ನಿಂದ ಕೆಳಗಿಳಿಯಿತು.

ಆ ನಡುವಿನ ಕಾಲದ ದೊಡ್ಡ ಪ್ರತಿಭೆ ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿ, ಅಲ್ಲಿಂದ 1993ರಲ್ಲಿ ನೇರವಾಗಿ ಈಸ್ಟ್ ಬೆಂಗಾಲ್‌ಗೆ ಹೋದರು. ಮೊದಲ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್. ಆ ಪಂದ್ಯವನ್ನು ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಪಂಜಾಬಿನ ಜೆಸಿಟಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದಾಗ ಅದರಲ್ಲಿದ್ದರು. 2000-01ರಲ್ಲಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದಾಗ ಅದರ ನಾಯಕರಾಗಿದ್ದರು. 2020ರ ಅಕ್ಟೋಬರ್‌ನಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಊರು ಬಿಟ್ಟುಹೋದ ಈ ಆಟಗಾರರ ಕಥೆ ಕನ್ನಡದಲ್ಲಿ ಸರಿಯಾಗಿ ಕೂತಿಲ್ಲ ಎಂಬ ಕೊರಗನ್ನು ಇಲ್ಲಿ ಹೇಳಲೇಬೇಕು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ. ಊರಿನ ಬರವಣಿಗೆಯ ಬದುಕು ದೊಡ್ಡದಾಗಿ ನಡೆದದ್ದು ಅದರ ಸುತ್ತಿನ ಬೀದಿಗಳಲ್ಲಿ, ಬಸವನಗುಡಿಯಲ್ಲಿ. ದಂಡಿನ ಫುಟ್‌ಬಾಲ್ ಆಟಗಾರ ಮನೆಯಲ್ಲಿ ತಮಿಳೋ ದಖನಿ ಉರ್ದುವೋ ಆಡುವವನು, ಬಡ ಗಲ್ಲಿಯವನು. ಕಬ್ಬನ್ ಪಾರ್ಕಿನ ಈಚೆಯವರ ಲೇಖನಿಗೆ ಅವನು ಸಿಗಲಿಲ್ಲ. ಬಸವನಗುಡಿಯ ಕ್ರಿಕೆಟ್ಟಿಗನ ಬಾಲ್ಯ, ಅವನ ಶಾಲೆ, ಅವನು ಕಾಫಿ ಕುಡಿದ ಹೋಟೆಲು ಎಲ್ಲವೂ ಕನ್ನಡದಲ್ಲಿ ದಾಖಲಾಗಿವೆ. ಇಲ್ಫರ್ಡ್‌ನಲ್ಲಿ ಗೋಲು ಹೊಡೆದ ರಾಮನ್ ಬಗ್ಗೆ ಓದಬೇಕೆಂದರೆ ಬಂಗಾಳಿಗಳೂ ಇಂಗ್ಲಿಷಿನವರೂ ಬರೆದದ್ದನ್ನೇ ಹುಡುಕಬೇಕು. ಚಾಮರಾಜಪೇಟೆಯ ಈದ್ಗಾ ಮೈದಾನದಲ್ಲಿ ಚೆಂಡು ಒದೆಯುವ ಹುಡುಗ ತನ್ನ ಊರಿನವನೊಬ್ಬ ಫ್ರಾನ್ಸ್ ವಿರುದ್ಧ ಗೋಲು ಹೊಡೆದಿದ್ದ ಎಂಬುದನ್ನು ತನ್ನ ಪಠ್ಯಪುಸ್ತಕದಲ್ಲಿ ಓದುವಂತಾಗಬೇಕಿತ್ತು.

2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿದ ಮೇಲೆ ರೈಲು ದಿಕ್ಕು ಬದಲಿಸಿತು. ಆ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅದರ ಮೊದಲ ಐ-ಲೀಗ್ ಪಂದ್ಯ, ಎದುರಾಳಿ ಮೋಹನ್ ಬಗಾನ್, ಫಲಿತಾಂಶ 1-1. ಮೊದಲ ಯತ್ನದಲ್ಲೇ ಲೀಗ್ ಗೆದ್ದಿತು. ನಾಯಕ ಸುನಿಲ್ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಹಿರಿಯರ ಆಟಕ್ಕೆ ಕಾಲಿಟ್ಟದ್ದು ಮೋಹನ್ ಬಗಾನ್‌ನಲ್ಲಿ. ತರಬೇತಿ, ಸಂಬಳ, ಕರಾರು, ಗ್ಯಾಲರಿಯಲ್ಲಿ ಹಾಡುವ ಅಭಿಮಾನಿಗಳು, ಎಂಬತ್ತು ವರ್ಷ ಹಿಂದೆ ಕಲ್ಕತ್ತೆ ಕೊಟ್ಟದ್ದನ್ನೂ ಕೊಡದಿದ್ದುದನ್ನೂ ಈಗ ಬೆಂಗಳೂರು ಕೊಡತೊಡಗಿತು. ಹಾಗಾಗಿ ಬೇರೆ ಊರಿನವರು ಇಲ್ಲಿಗೆ ಬಂದರು. ಆದರೆ ಗೌತಮಪುರ, ಆಸ್ಟಿನ್ ಟೌನ್‌ಗಳ ಹುಡುಗರಲ್ಲಿ ಆ ತಂಡದ ಮೊದಲ ಹನ್ನೊಂದರೊಳಗೆ ಬಂದವರು ತೀರ ಕಡಿಮೆ.

ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ಬಂದದ್ದು 2023ರ ಮಾರ್ಚ್ 4ರಂದು, 54 ವರ್ಷಗಳ ಮೇಲೆ. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಕರ್ನಾಟಕ 3, ಮೇಘಾಲಯ 2. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್. ಬಂಗಾಳಕ್ಕೆ ಎರಡು ಸಲ ಈ ಟ್ರೋಫಿ ಗೆಲ್ಲಿಸಿಕೊಟ್ಟಿದ್ದ ಬಾಬು ಮಣಿ ಅದಕ್ಕೆ ಮೂರೂವರೆ ತಿಂಗಳ ಹಿಂದೆ, 2022ರ ನವೆಂಬರ್ 19ರಂದು, 59ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.